ಹಳೇ ಮ್ಯಾನ್ಯುಯಲ್ ಗೇರ್‌ಬಾಕ್ಸ್: ಮಾರೋದಾ, ಇಟ್ಕೊಳ್ಳೋದಾ, ಗುಜರಿಗೆ ಹಾಕೋದಾ?

ನನ್ನ ಗ್ಯಾರೇಜಿನ ಮೂಲೆಯಲ್ಲಿ ಒಂದು ಗೇರ್‌ಬಾಕ್ಸ್ ಆರು ವರ್ಷ ಬಿದ್ದಿತ್ತು. ಕಾರು ಹೋಯಿತು, ಅದರ ಇಂಜಿನ್ನೂ ಹೋಯಿತು, ಇದು ಮಾತ್ರ ಉಳಿಯಿತು. ಕಸ ಗುಡಿಸುವಾಗೆಲ್ಲ ಕಾಲಿಗೆ ತಾಗುತ್ತಿತ್ತು. ಪ್ರತಿ ಸಲವೂ ಎರಡು ಯೋಚನೆ ಬರುತ್ತಿದ್ದವು. ಒಂದು, ಇದನ್ನು ಗುಜರಿಗೆ ಹಾಕಿಬಿಡಬೇಕು. ಇನ್ನೊಂದು, ಅಯ್ಯೋ, ಇದನ್ನೇ ಯಾರಾದರೂ ಹುಡುಕುತ್ತಿದ್ದರೆ? ಎರಡಕ್ಕೂ ಉತ್ತರ ಸಿಗದೆ, ಅದರ ಮೇಲೊಂದು ಹಳೇ ಟೈರ್ ಇಟ್ಟು ಸುಮ್ಮನಾಗುತ್ತಿದ್ದೆ. ಕೊನೆಗೊಂದು ದಿನ ಕೂತು, ಇದು ನಿಜಕ್ಕೂ ಏನು ಅಂತ ನೋಡಿದೆ. ಅರ್ಧ ಗಂಟೆ ಹಿಡಿಯಿತು, ಅಷ್ಟೇ.

ಹಳೇ ಗೇರ್‌ಬಾಕ್ಸಿಗೆ ಬೆಲೆ ಇದೆಯಾ ಅಂತ ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ನೋಡಲು ಒಂದೇ ಥರ ಇರುವ ಎರಡರಲ್ಲಿ ಒಂದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಇನ್ನೊಂದಕ್ಕೆ ಜನ ದೂರದಿಂದ ಗಾಡಿ ಮಾಡಿಕೊಂಡು ಬರುತ್ತಾರೆ. ನಾನು ಕಂಡ ಹಾಗೆ ಫರಕು ಬರುವುದು ಒಂದೇ ಕಡೆ. ಇದು ಯಾವ ಗೇರ್‌ಬಾಕ್ಸ್, ಹೇಗಿದೆ ಅಂತ ಮಾರುವವರು ಸಾಕ್ಷಿ ಸಮೇತ ಹೇಳಬಲ್ಲರಾ? ಹೇಳಲು ಬಂದರೆ ಅದು ಬಿಡಿಭಾಗ. ಬರದಿದ್ದರೆ ಬರೀ ಲೋಹ.

ಹಾಗಾಗಿ ಯಾವ ದಾರಿ ಒಳ್ಳೆಯದು ಅಂತ ನೋಡುವ ಮುಂಚೆ ಸ್ವಲ್ಪ ಪತ್ತೇದಾರಿ ಕೆಲಸ ಇದೆ.

ಇದು ಯಾವುದು?

"ಕಾರಿನ ಹೆಸರು ಗೊತ್ತು, ಸಾಕಲ್ವಾ?" ಸಾಲದು. ಒಂದೇ ಮಾಡೆಲ್, ಒಂದೇ ವರ್ಷದ ಕಾರಿಗೆ ಇಂಜಿನ್ ನೋಡಿಕೊಂಡು ಬೇರೆ ಬೇರೆ ಗೇರ್‌ಬಾಕ್ಸ್ ಕೂರಿಸುವುದುಂಟು. ಮಧ್ಯದಲ್ಲಿ ಯಾರೋ ಬದಲಾಯಿಸಿರಲೂಬಹುದು. ವೈರ್ ಬ್ರಷ್ ತೆಗೆದುಕೊಂಡು, ಸ್ವಲ್ಪ ಡೀಸೆಲ್ ಹಾಕಿ ಕೇಸಿಂಗ್ ಉಜ್ಜಿ. ಎರಡು ಬಗೆಯ ನಂಬರು ಕಾಣಿಸುತ್ತವೆ. ಅಚ್ಚಿನಲ್ಲೇ ಉಬ್ಬಿ ಬಂದಿರುವುದು ಕಾಸ್ಟಿಂಗ್ ನಂಬರು. ಅದು ಹೊರಗಿನ ಚಿಪ್ಪಿನ ಗುರುತು ಮಾತ್ರ, ಒಳಗೆ ಯಾವ ಗೇರುಗಳಿವೆ ಅಂತ ಅದರಿಂದ ಗೊತ್ತಾಗುವುದಿಲ್ಲ. ಲೋಹಕ್ಕೆ ಗುದ್ದಿದ ನಂಬರು ಅಥವಾ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಬಿಲ್ಲೆ ಇದೆಯಲ್ಲ, ಬೇಕಾಗಿರುವುದು ಅದು.

ಬೋರ್ಗ್-ವಾರ್ನರ್ ಟಿ-5 ಅನ್ನೇ ನೋಡಿ. 1980ರ ದಶಕದಿಂದ ಫೋರ್ಡ್ ಮಸ್ಟಾಂಗ್, ಶೆವ್ರೊಲೆ ಕ್ಯಾಮರೊ ಸೇರಿ ಹಲವು ಕಾರುಗಳಲ್ಲಿ ಬಂದ ಐದು ಗೇರಿನ ಪೆಟ್ಟಿಗೆ ಇದು. ಹಿಂಬದಿಯ ಟೈಲ್ ಹೌಸಿಂಗಿನ ಬೋಲ್ಟೊಂದಕ್ಕೆ ಚಿಕ್ಕ ಬಿಲ್ಲೆ ಇರುತ್ತದೆ. ಅದರಲ್ಲಿ 1352 ಅಂತ ಶುರುವಾಗುವ ನಂಬರಿನ ಕೊನೆಯ ಅಂಕಿಗಳನ್ನು ಹಿಡಿದರೆ ಯಾವ ಕಾರು, ಯಾವ ಅನುಪಾತ (ಚಕ್ರದ ಕಡೆಯ ಶಾಫ್ಟ್ ಒಂದು ಸುತ್ತು ಬರಲು ಇಂಜಿನ್ ಕಡೆಯದು ಎಷ್ಟು ಸುತ್ತಬೇಕು ಅನ್ನುವುದು) ಎಲ್ಲ ತಿಳಿಯುತ್ತದೆ. ಆದರೆ ಈ ಬಿಲ್ಲೆ ಎಷ್ಟೋ ಪೆಟ್ಟಿಗೆಗಳಲ್ಲಿ ಉಳಿದಿರುವುದಿಲ್ಲ. ಹಿಂದೆ ಬಿಚ್ಚಿದವರು ಅದನ್ನು ವಾಷರ್ ಅಂದುಕೊಂಡು ಬಿಸಾಕಿರುತ್ತಾರೆ!

ಬಿಲ್ಲೆ ಇಲ್ಲದಿದ್ದರೂ ದಾರಿ ಇದೆ. ಒಂದು ಸೀಮೆಸುಣ್ಣ ಸಾಕು. ಇಂಜಿನ್ ಕಡೆಯ ಇನ್‌ಪುಟ್ ಶಾಫ್ಟ್ ಮೇಲೆ ಒಂದು ಗೆರೆ, ಚಕ್ರದ ಕಡೆಯ ಔಟ್‌ಪುಟ್ ಶಾಫ್ಟ್ ಮೇಲೆ ಇನ್ನೊಂದು ಗೆರೆ ಎಳೆಯಿರಿ. ಮೊದಲನೇ ಗೇರಿಗೆ ಹಾಕಿ. ಔಟ್‌ಪುಟ್ ಸರಿಯಾಗಿ ಒಂದು ಸುತ್ತು ಬರುವವರೆಗೆ ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಾ ಎಣಿಸಿ. ಟಿ-5ರಲ್ಲಿ ಮೂರು ಸುತ್ತು ಮುಗಿದು ಇನ್ನೊಂದು ಮೂರನೇ ಒಂದು ಭಾಗ ಬಂದರೆ ಅನುಪಾತ 3.35. ಎಂಟು ಸಿಲಿಂಡರಿನ ಮಸ್ಟಾಂಗಿನಲ್ಲಿ ಇದ್ದದ್ದು ಇಂಥದ್ದು. ನಾಲ್ಕು ಸುತ್ತು ಪೂರ್ತಿಯಾಗಿ ಕೂದಲೆಳೆಯಷ್ಟು ಜಾಸ್ತಿ ಬಂದರೆ 4.03, ಅಂದರೆ ಸಣ್ಣ ಇಂಜಿನ್ನಿನ ಜೊತೆ ಬಂದದ್ದು. ಹೊರಗಿನಿಂದ ಎರಡೂ ಅಣ್ಣತಮ್ಮಂದಿರ ಹಾಗಿವೆ. ಆದರೆ ಹೆಚ್ಚು ಶಕ್ತಿಯ ಕಾರು ಕಟ್ಟುವವರು ಎರಡನೆಯದನ್ನು ಮುಟ್ಟುವುದಿಲ್ಲ. ನೀವೂ ಎರಡು ನಿಮಿಷ ಇದನ್ನು ಮಾಡಿ ನೋಡಿ, ಶಾಫ್ಟ್ ಸಲೀಸಾಗಿ ತಿರುಗುತ್ತಿದೆಯಾ, ಎಲ್ಲಾದರೂ ಸಿಕ್ಕಿಕೊಳ್ಳುತ್ತಿದೆಯಾ ಅನ್ನುವುದೂ ಕೈಗೆ ಗೊತ್ತಾಗುತ್ತದೆ.

ಇನ್ನೂ ಗೋಜಲು ಮಾಡುವುದು ಜನರಲ್ ಮೋಟಾರ್ಸ್‌ನ ಮನ್ಸಿ ನಾಲ್ಕು ಗೇರಿನ ಪೆಟ್ಟಿಗೆ. 1963ರಿಂದ 1974ರವರೆಗೆ ಬಂದದ್ದು. ಅದರಲ್ಲಿ ಎಂ20, ಎಂ21, ಎಂ22 ಅಂತ ಮೂರು. ಎಂ22ರ ಗೇರುಗಳ ಹಲ್ಲು ಕಡಿಮೆ ಓರೆ, ಅದಕ್ಕೇ ಓಡುವಾಗ ಗರಗರ ಸದ್ದು. ಈ ಸದ್ದಿನಿಂದಲೇ ಅದಕ್ಕೆ "ರಾಕ್ ಕ್ರಷರ್" ಅಂತ ಅಡ್ಡಹೆಸರು ಬಂತು. ಕಲ್ಲು ಪುಡಿ ಮಾಡುವ ಯಂತ್ರದ ಹಾಗೆ ಕೂಗುವ ಪೆಟ್ಟಿಗೆಗೇ ಜಾಸ್ತಿ ಬೆಲೆ! ಹೊರಗಿನ ಚಿಪ್ಪು ನೋಡಿ ಇವನ್ನು ಬೇರೆ ಮಾಡಲಾಗದು. ಕೊನೆಯ ವರ್ಷಗಳ ಪೆಟ್ಟಿಗೆಯಾದರೆ ಇನ್‌ಪುಟ್ ಶಾಫ್ಟಿನ ಹಲ್ಲುಗಳ ಹತ್ತಿರ ಸುತ್ತಲೂ ಕೊರೆದ ಗೀರು ಎಣಿಸುತ್ತಾರೆ. ಎರಡು ಗೀರು ಎಂ20, ಒಂದು ಎಂ21, ಇಲ್ಲದಿದ್ದರೆ ಎಂ22. ಆದರೂ ಐವತ್ತು ವರ್ಷದಲ್ಲಿ ಎಷ್ಟು ಕೈ ಬದಲಾಗಿದೆಯೋ, ಒಳಗಿನ ಗೇರು ಎಲ್ಲಿಯವೋ. ಇಂಥದ್ದು ಸಿಕ್ಕರೆ ಮುಚ್ಚಳ ತೆಗೆದು ಹಲ್ಲುಗಳ ಫೋಟೊ ಹಿಡಿಯದೆ ಮಾರಲು ಹೋಗಬೇಡಿ.

ಮುಂದಿನ ಚಕ್ರ ಓಡಿಸುವ ಕಾರಿನದಾದರೆ, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕೂಡ ಅದೇ ಪೆಟ್ಟಿಗೆಯೊಳಗೆ ಇರುತ್ತದೆ. ಅಲ್ಲಿ ಬೆಲೆ ಏರಿಸುವುದು ಎಲ್‌ಎಸ್‌ಡಿ, ಅಂದರೆ ಒಂದೇ ಚಕ್ರ ಸುಮ್ಮನೆ ಗಿರಗಿರ ತಿರುಗದಂತೆ ತಡೆಯುವ ಡಿಫರೆನ್ಷಿಯಲ್. ಹೋಂಡಾ ಇಂಟೆಗ್ರಾ ಟೈಪ್ ಆರ್‌ನ ಪೆಟ್ಟಿಗೆಗೆ ಜನ ಮುಗಿಬೀಳುವುದಕ್ಕೆ ಇದೂ ಒಂದು ಕಾರಣ. ಹೋಂಡಾ ಪೆಟ್ಟಿಗೆಗಳಲ್ಲಿ ಪತ್ತೆ ಹಚ್ಚುವುದು ಸುಲಭ. ಆ್ಯಕ್ಸಲ್ ಕೂರುವ ಒಂದು ಬದಿಯ ತೂತಿನಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ನಡುವೆ ಅಡ್ಡ ಪಿನ್ ಇದ್ದರೆ ಸಾಧಾರಣ ಡಿಫರೆನ್ಷಿಯಲ್. ಬೆಳಕು ನೇರ ಕಣ್ಣಿಗೆ ಬಂದರೆ ಖುಷಿ ಪಡಿ.

ಯಾರಿಗೆ ಬೇಕು?

ಹೆಸರು ಸಿಕ್ಕಿತು. ಇದನ್ನು ಕೊಳ್ಳುವವರು ಯಾರು? ಅದೇ ಮಾಡೆಲ್ ಕಾರು ಇಟ್ಟುಕೊಂಡು, ಅದರ ಪೆಟ್ಟಿಗೆ ಕೆಟ್ಟವರು ಮೊದಲನೆಯವರು. ಆ ಕಾರು ಇನ್ನೂ ಸಾವಿರಗಟ್ಟಲೆ ರಸ್ತೆಯಲ್ಲಿದ್ದರೆ ಗುಜರಿ ಯಾರ್ಡಿನಲ್ಲೂ ಪೆಟ್ಟಿಗೆಗಳು ರಾಶಿ ಇರುತ್ತವೆ, ಬೆಲೆ ಏಳುವುದಿಲ್ಲ. ಆ ಕಾರು ರಸ್ತೆಯಿಂದ ಪೂರ್ತಿ ಮಾಯವಾಗಿದ್ದರೂ ಕೇಳುವವರಿಲ್ಲ. ಕಾರನ್ನು ಜನ ಪ್ರೀತಿಯಿಂದ ಉಳಿಸಿಕೊಂಡಿರಬೇಕು, ಪೆಟ್ಟಿಗೆ ಮಾತ್ರ ಸಿಗುತ್ತಿರಬಾರದು. ಆಗ ಬೆಲೆ. ಟೊಯೊಟಾ ಸುಪ್ರಾದ ನಾಲ್ಕನೇ ತಲೆಮಾರಿಗೆ, ಅಂದರೆ 1993ರಿಂದ 2002ರವರೆಗೆ ಬಂದ ಕಾರಿಗೆ, ಗೆಟ್ರಾಗ್ ಮಾಡಿಕೊಟ್ಟ ಆರು ಗೇರಿನ ವಿ160 ಇದಕ್ಕೆ ಒಳ್ಳೇ ಉದಾಹರಣೆ. ಗಟ್ಟಿ ಪೆಟ್ಟಿಗೆ, ಇರುವುದು ಕಡಿಮೆ, ಬೇಕೆನ್ನುವವರು ಜಾಸ್ತಿ.

ಎರಡನೆಯವರು ಆಟೊಮ್ಯಾಟಿಕ್ ಕಾರನ್ನು ಮ್ಯಾನ್ಯುಯಲ್ ಮಾಡಿಕೊಳ್ಳುವವರು. ಇವರಿಗೆ ಬರೀ ಪೆಟ್ಟಿಗೆ ಕೊಟ್ಟರೆ ಅರ್ಧ ಕೆಲಸ. ಕ್ಲಚ್ ಪೆಡಲ್, ಮಾಸ್ಟರ್ ಸಿಲಿಂಡರ್, ಫ್ಲೈವ್ಹೀಲ್, ಗೇರ್ ಲಿವರ್, ಕೆಳಗೆ ಹಿಡಿದಿಡುವ ಕ್ರಾಸ್‌ಮೆಂಬರ್, ಪ್ರೊಪೆಲ್ಲರ್ ಶಾಫ್ಟ್, ಎಲ್ಲ ಬೇಕು. ಇವನ್ನು ಒಂದೊಂದಾಗಿ ಹುಡುಕಿ ಸುಸ್ತಾದವರು ಪೂರ್ತಿ ಸೆಟ್ಟಿಗೆ ಚೌಕಾಸಿ ಮಾಡದೆ ಕೊಡುತ್ತಾರೆ. ನಿಮ್ಮ ಕಾರು ಇನ್ನೂ ಗುಜರಿಗೆ ಹೋಗಿಲ್ಲ ಅಂದರೆ ಈ ಸಾಮಾನುಗಳನ್ನು ಬಿಚ್ಚಿಟ್ಟುಕೊಳ್ಳಿ. ನಾನು ಪೆಡಲ್ ಸೆಟ್ಟನ್ನು ಕಾರಿನಲ್ಲೇ ಬಿಟ್ಟು ಕಳಿಸಿದೆ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮೂರನೆಯವರು ಹಳೇ ಕಾರಿಗೆ ಹೊಸ ಇಂಜಿನ್ ಕೂರಿಸುವವರು, ರೇಸಿನವರು. 1992ರಲ್ಲಿ ಡಾಡ್ಜ್ ವೈಪರ್ ಜೊತೆ ಬಂದ ಟಿ-56 ಅನ್ನುವ ಆರು ಗೇರಿನ ಪೆಟ್ಟಿಗೆ ಇವರ ಅಚ್ಚುಮೆಚ್ಚು. ಇಲ್ಲೂ ಒಂದು ಸಿಕ್ಕು ಇದೆ. ಕ್ಯಾಮರೊದ ಎಲ್‌ಟಿ1 ಇಂಜಿನ್ ಜೊತೆ ಬಂದ ಟಿ-56ರಲ್ಲಿ ಕ್ಲಚ್ ಎಳೆಯುವ ಬಗೆಯದು, ಆಮೇಲೆ ಎಲ್‌ಎಸ್1 ಜೊತೆ ಬಂದದ್ದರಲ್ಲಿ ಒತ್ತುವ ಬಗೆಯದು. ಮುಂದಿನ ಭಾಗ ಒಂದಕ್ಕೊಂದು ಕೂರುವುದಿಲ್ಲ. ಜಾಹೀರಾತಿನಲ್ಲಿ ಬರೀ "ಟಿ-56" ಅಂತ ಬರೆದರೆ ಹತ್ತು ಜನ ಫೋನ್ ಮಾಡಿ ಹತ್ತೂ ಜನ ಬೇಡ ಅನ್ನಬಹುದು. ಫೋಕ್ಸ್‌ವ್ಯಾಗನ್ ಬೀಟಲ್ ಪೆಟ್ಟಿಗೆಗಂತೂ ಕೊಳ್ಳುವವರು ನಾನಾ ಬಗೆ. ಮರಳಲ್ಲಿ ಓಡುವ ಬಗ್ಗಿ ಕಟ್ಟುವವರು, ಕಾರಿಗೆ ವಿದ್ಯುತ್ ಮೋಟಾರ್ ಹಾಕಿಸಿ ಹಳೇ ಪೆಟ್ಟಿಗೆ ಹಾಗೇ ಉಳಿಸಿಕೊಳ್ಳುವವರು. ಹ್ಯೂಲ್ಯಾಂಡ್ ಕಂಪನಿ 1960ರ ಸುಮಾರಿಗೆ ರೇಸ್ ಕಾರಿನ ಪೆಟ್ಟಿಗೆ ಮಾಡಲು ಶುರು ಮಾಡಿದ್ದೇ ಬೀಟಲ್‌ನ ಚಿಪ್ಪು ಇಟ್ಟುಕೊಂಡು.

ಒಂದು ಕಡೆ ಮಾತ್ರ ಮಾರಬೇಡಿ ಅಂತ ಖಡಾಖಂಡಿತ ಹೇಳುತ್ತೇನೆ. ಪೆಟ್ಟಿಗೆ ಮೇಲೆ ಗುದ್ದಿದ ನಂಬರು ನಿಮ್ಮದೇ ಹಳೇ ಕ್ಲಾಸಿಕ್ ಕಾರಿನ ಚಾಸಿ ನಂಬರಿಗೆ ಹೊಂದಿದರೆ, ಆ ಕಾರು ಇನ್ನೂ ನಿಮ್ಮ ಹತ್ತಿರ ಇದ್ದರೆ, ಕೆಟ್ಟಿದ್ದರೂ ಇರಲಿ, ಇಟ್ಟುಕೊಳ್ಳಿ. ಕಾರಿನ ಜೊತೆ ಹುಟ್ಟಿದ ಪೆಟ್ಟಿಗೆ ಕಾರಿನ ಬೆಲೆ ಎತ್ತುತ್ತದೆ, ಬಿಡಿಯಾಗಿ ಮಾರಿದರೆ ಆ ಲಾಭ ಯಾರಿಗೂ ಇಲ್ಲ. ಕಾರು ಬೇರೆಯವರ ಹತ್ತಿರ ಇದ್ದರೆ ಅವರನ್ನು ಹುಡುಕಿ. ಅವರಷ್ಟು ಬೆಲೆ ಬೇರೆ ಯಾರೂ ಕೊಡಲಾರರು.

ಹೇಗಿದೆ?

ಪೆಟ್ಟಿಗೆ ಇನ್ನೂ ಕಾರಿನಲ್ಲೇ ಇದ್ದರೆ ನೀವು ಅದೃಷ್ಟವಂತರು. ಬಿಚ್ಚುವ ಮುಂಚೆ ಓಡಿಸಿ, ಎಲ್ಲ ಗೇರು ಹಾಕಿ ತೆಗೆಯುವುದನ್ನು ಸದ್ದಿನ ಸಮೇತ ವಿಡಿಯೊ ಮಾಡಿ. ಬಿಚ್ಚಿ ನೆಲಕ್ಕಿಟ್ಟ ಮೇಲೆ "ಚೆನ್ನಾಗಿತ್ತು" ಅನ್ನುವ ಮಾತಿಗೆ ಕಿಮ್ಮತ್ತಿಲ್ಲ. ಎಲ್ಲರೂ ಹಾಗೇ ಹೇಳುತ್ತಾರೆ.

ಓಡಿಸುವಾಗ ಕಿವಿ ಕೊಡಿ. ಕಾರು ನಿಂತಿದೆ, ನ್ಯೂಟ್ರಲ್‌ನಲ್ಲಿದೆ, ಕ್ಲಚ್ ಬಿಟ್ಟಾಗ ಗುರ್ ಅನ್ನುತ್ತದೆ, ಒತ್ತಿದಾಗ ನಿಲ್ಲುತ್ತದೆ. ಹಾಗಿದ್ದರೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ. ತಿರುಗಾಮುರುಗಾ, ಒತ್ತಿದಾಗಲೇ ಸದ್ದು ಬಂದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್. ಅದು ಪೆಟ್ಟಿಗೆಯ ಹೊರಗಿರುವ ಚಿಕ್ಕ ಸಾಮಾನು, ಪೆಟ್ಟಿಗೆಯ ಸಂಕಟವೇ ಅಲ್ಲ. ಇದನ್ನು ತಿಳಿಯದೆ ಒಳ್ಳೇ ಪೆಟ್ಟಿಗೆಯನ್ನು "ಸದ್ದು ಮಾಡುತ್ತೆ" ಅಂತ ಅಗ್ಗಕ್ಕೆ ಕೊಟ್ಟವರನ್ನು ನೋಡಿದ್ದೇನೆ. ಒಂದೇ ಗೇರಿನಲ್ಲಿ ಊಳಿಟ್ಟರೆ ಆ ಗೇರಿನ ಹಲ್ಲು ಸವೆದಿದೆ. ಹಿಂದಿನ ಚಕ್ರ ಓಡಿಸುವ ಹಳೇ ಕಾರುಗಳಲ್ಲಿ ನಾಲ್ಕನೇ ಗೇರು ಸಾಮಾನ್ಯವಾಗಿ ನೇರ ದಾರಿ, ಇನ್‌ಪುಟ್‌ನಿಂದ ಔಟ್‌ಪುಟ್‌ಗೆ ಒಂದಕ್ಕೆ ಒಂದು. ಉಳಿದ ಗೇರುಗಳಲ್ಲೆಲ್ಲ ಕೂಗಿ ನಾಲ್ಕರಲ್ಲಿ ಮಾತ್ರ ತಣ್ಣಗಾದರೆ ಉಳಿದ ಗೇರುಗಳಿಗೆ ಶಕ್ತಿ ದಾಟಿಸುವ ಕೆಳಗಿನ ಕೌಂಟರ್‌ಶಾಫ್ಟ್ ಬೇರಿಂಗ್ ಹೋಗಿದೆ ಅಂತ ಲೆಕ್ಕ.

ಎರಡನೇ ಗೇರಿಗೆ ಇಳಿಸುವಾಗ ಕರ್ರ್ ಅಂದರೆ ಆ ಗೇರಿನ ಸಿಂಕ್ರೊ ರಿಂಗ್ (ಗೇರು ಕೂರುವ ಮುಂಚೆ ವೇಗ ಹೊಂದಿಸುವ ಬಳೆ) ಸವೆದಿದೆ. ಜಾಸ್ತಿ ದುಡಿಯುವುದು ಅದೇ, ಮೊದಲು ಸೋಲುವುದೂ ಅದೇ. ಆದರೆ ಎಲ್ಲ ಗೇರಿನಲ್ಲೂ ಕರ್ರ್ ಅಂದರೆ, ನಿಂತಲ್ಲಿ ರಿವರ್ಸ್ ಹಾಕುವಾಗಲೂ ಅಂದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲವೇನೋ, ಅದನ್ನು ಮೊದಲು ನೋಡಿ. ಗೇರು ತಾನಾಗಿ ಜಿಗಿದು ನ್ಯೂಟ್ರಲ್‌ಗೆ ಬರುವುದು ಕೆಟ್ಟ ಸುದ್ದಿ. ಇಂಜಿನ್ ಅಥವಾ ಗೇರ್‌ಬಾಕ್ಸ್ ಹಿಡಿದಿಡುವ ರಬ್ಬರ್ ಹರಿದಿದ್ದರೂ ಹೀಗಾಗಬಹುದು. ರಬ್ಬರ್ ಸರಿ ಇದ್ದರೆ ಖಾಯಿಲೆ ಒಳಗೇ ಇದೆ.

ಈಗಾಗಲೇ ಬಿಚ್ಚಿದ್ದಾದರೆ ಆಯಿಲ್ಲೇ ಸಾಕ್ಷಿ. ಬಿಳೀ ಟ್ರೇ ಒಂದಕ್ಕೆ ಸುರಿಯಿರಿ. ಡ್ರೇನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಅಂಟು ಇದ್ದರೆ ಹೆದರಬೇಡಿ, ಅದು ವಯಸ್ಸಿನ ಲಕ್ಷಣ. ಚಿನ್ನದ ಪುಡಿಯ ಹಾಗೆ ಮಿನುಗಿದರೆ ಅದು ಹಿತ್ತಾಳೆ, ಸಿಂಕ್ರೊ ರಿಂಗುಗಳದ್ದು. ಬೆರಳಿಗೆ ಚುಚ್ಚುವ ತುಣುಕು ಸಿಕ್ಕರೆ ಹಲ್ಲು ಮುರಿದಿದೆ. ಆಯಿಲ್ ಹಾಲು ಬೆರೆಸಿದ ಹಾಗಿದ್ದರೆ ನೀರು ಸೇರಿದೆ, ಹಾಗೇ ಬಹಳ ದಿನ ಕೂತಿದ್ದರೆ ಬೇರಿಂಗುಗಳಿಗೆ ತುಕ್ಕು ಹಿಡಿದಿರುತ್ತದೆ. ಆಯಿಲ್ ಅಗತ್ಯಕ್ಕಿಂತ ತುಂಬ ಗಟ್ಟಿ ಇದ್ದರೂ ಅನುಮಾನಿಸಿ. ಸದ್ದು ಮುಚ್ಚಲು ದಪ್ಪ ಆಯಿಲ್ ಹಾಕುವುದು ಹಳೇ ತಂತ್ರ. ಹಿತ್ತಾಳೆ ರಿಂಗಿನ ಪೆಟ್ಟಿಗೆಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್ ಹಾಕಬೇಕಾದ ಕಡೆ ಜಿಎಲ್-5 ಹಾಕಿದ್ದರೂ ತೊಂದರೆಯಾಗಬಹುದು. ಕೆಲವು ಜಿಎಲ್-5 ಆಯಿಲ್‌ಗಳಲ್ಲಿರುವ ಗಂಧಕ ಹಿತ್ತಾಳೆಯನ್ನು ತಿನ್ನುತ್ತದೆ.

ಆಮೇಲೆ ಇಂಜಿನ್ನಿಗೆ ಕೂರುವ ಗಂಟೆಯಾಕಾರದ ಮುಂಭಾಗ, ಅಂದರೆ ಬೆಲ್ ಹೌಸಿಂಗಿನ ಕಿವಿಗಳು, ಬೋಲ್ಟ್ ತೂತುಗಳು, ಬಿರುಕು. ಟಾರ್ಚ್ ಹಾಕಿ ಒಂದು ಸುತ್ತು ನೋಡಿದರಾಯಿತು.

ದಾರಿಗಳು

ಇದ್ದ ಹಾಗೇ ಮಾರುವುದು ನನ್ನ ಮೊದಲ ಆಯ್ಕೆ. ಚೆನ್ನಾಗಿ ಓಡುತ್ತಿದ್ದ, ಗುರುತು ಸಿಕ್ಕ, ವಿಡಿಯೊ ಇರುವ ಪೆಟ್ಟಿಗೆಗೆ ಬೇರೇನೂ ಮಾಡಬೇಕಿಲ್ಲ. ತೊಳೆಯಿರಿ, ಬಣ್ಣ ಮಾತ್ರ ಹಚ್ಚಬೇಡಿ. ಬೆಳ್ಳಿ ಬಣ್ಣ ಹೊಡೆದ ಹಳೇ ಪೆಟ್ಟಿಗೆ ಕಂಡರೆ ಕೊಳ್ಳುವವರಿಗೆ ಅನುಮಾನ ಶುರುವಾಗುತ್ತದೆ.

ರಿಪೇರಿ ಮಾಡಿಸಿ ಮಾರಿದರೆ ಜಾಸ್ತಿ ಬರುತ್ತದಲ್ವಾ ಅಂತ ಎಲ್ಲರಿಗೂ ಅನಿಸುತ್ತದೆ. ನನಗೂ ಅನಿಸಿತ್ತು. ಒಂದು ಸಲ ಬೇರಿಂಗ್, ಸಿಂಕ್ರೊ ರಿಂಗ್, ಸೀಲ್ ಎಲ್ಲ ಹೊಸದು ಹಾಕಿದೆ. ಎರಡು ವಾರದ ಸಂಜೆಗಳು ಹೋದವು. ನೋಡಲು ಬಂದವರು ಕೇಳಿದ್ದು ಒಂದೇ ಪ್ರಶ್ನೆ, "ಯಾರು ಕಟ್ಟಿದ್ದು?" ನಾನೇ ಅಂದೆ. ಅವರ ಮುಖ ನೋಡಬೇಕಿತ್ತು. ಸಾಮಾನಿಗೆ ಹಾಕಿದ್ದು ವಾಪಸ್ ಬಂತು, ಸಂಜೆಗಳು ಬರಲಿಲ್ಲ. ಅವರ ತಪ್ಪಲ್ಲ, ಒಳಗೆ ಏನು ಮಾಡಿದ್ದೇನೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹೆಸರಿರುವ ರಿಪೇರಿಗಾರರ ಬಿಲ್ಲು ಕೈಯಲ್ಲಿದ್ದರೆ ಬೇರೆ ಮಾತು. ಆದರೆ ಆ ಬಿಲ್ಲು ಕಟ್ಟಿ, ಮೇಲೆ ಲಾಭವನ್ನೂ ಉಳಿಸುವುದು ಅಪರೂಪದ ಪೆಟ್ಟಿಗೆಗಳಲ್ಲಿ ಮಾತ್ರ ಸಾಧ್ಯ. ಸಾಮಾನ್ಯ ಪೆಟ್ಟಿಗೆಗೆ ರಿಪೇರಿ ಮಾಡಿಸುವುದಾದರೆ ನಿಮ್ಮ ಕಾರಿಗೇ ಹಾಕಿಕೊಳ್ಳಿ, ಮಾರಲು ಬೇಡ.

ಕೆಟ್ಟದ್ದಕ್ಕೂ ಎರಡು ದಾರಿ ಇವೆ. ಒಂದು, ಬಿಡಿಬಿಡಿಯಾಗಿ ಮಾರುವುದು. ಪೋರ್ಷ 911ರಲ್ಲಿ 1972ರಿಂದ 1986ರವರೆಗೆ ಇದ್ದ 915ರಂಥ ಪೆಟ್ಟಿಗೆಯಾದರೆ ಒಂದು ಹಲ್ಲು ಮುರಿದರೂ ಉಳಿದ ಗೇರು, ಚಿಪ್ಪು, ಡಿಫರೆನ್ಷಿಯಲ್ ಎಲ್ಲಕ್ಕೂ ಗಿರಾಕಿ ಇರುತ್ತಾರೆ. ಸಾಧಾರಣ ಕಾರಿನದಾದರೆ ಎರಡು ಸಾಮಾನು ಹೋಗಿ ಉಳಿದದ್ದು ಡಬ್ಬದಲ್ಲಿ ಕೊಳೆಯುತ್ತದೆ. ಅದೂ ಅಲ್ಲದೆ, ಒಮ್ಮೆ ಬಿಚ್ಚಿದ ಪೆಟ್ಟಿಗೆ ಮತ್ತೆ ಇಡಿಯಾಗಿ ಮಾರಾಟವಾಗುವುದು ಕಷ್ಟ. ಚಿಕ್ಕ ಸ್ಪ್ರಿಂಗು, ಗುಂಡು, ಶಿಮ್ ಒಂದು ಕಳೆದರೂ ಮುಗಿಯಿತು. ಅದಕ್ಕೇ ಬಿಡಿಭಾಗಕ್ಕೆ ಗಿರಾಕಿ ಸಿಕ್ಕಿದ ಮೇಲೆ ಸ್ಪ್ಯಾನರ್ ಹಿಡಿಯಿರಿ. ಎರಡನೆಯದು, ಹಳೇ ಪೆಟ್ಟಿಗೆ ತೆಗೆದುಕೊಂಡು ಹೊಸದಾಗಿ ಕಟ್ಟುವ ವರ್ಕ್‌ಶಾಪುಗಳಿಗೆ ಕೊಡುವುದು. ಅವರಿಗೆ ಬೇಕಾದದ್ದು ಒಡೆಯದ ಚಿಪ್ಪು, ಪೂರ್ತಿ ಸಾಮಾನು. ದುಡ್ಡು ಕಡಿಮೆ, ತಲೆನೋವೂ ಕಡಿಮೆ. ಒಂದೇ ಫೋನಿನಲ್ಲಿ ಮುಗಿಯುತ್ತದೆ. ಮಧ್ಯಮ ದರ್ಜೆಯ ಪೆಟ್ಟಿಗೆಗೆ ಇದೇ ವಾಸಿ ಅಂತ ನನ್ನ ಅಭಿಪ್ರಾಯ.

ಗುಜರಿ ಕೊನೆಗೆ. ಹಾಕುವುದೇ ಆದರೆ ಆಯಿಲ್ ಪೂರ್ತಿ ಬಸಿದು, ಚಿಪ್ಪು ಬೇರೆ, ಉಕ್ಕಿನ ಗೇರು ಬೇರೆ ಮಾಡಿ. ಅಲ್ಯೂಮಿನಿಯಂ ಚಿಪ್ಪಿಗೆ ಕಬ್ಬಿಣ ಬೆರೆತಿದ್ದರೆ ಕಡಿಮೆ ದರ ಹಾಕುತ್ತಾರೆ. ಬೀಟಲ್, ಹಳೇ ಪೋರ್ಷಗಳಂಥ ಕೆಲವು ಕಾರುಗಳ ಚಿಪ್ಪು ಮೆಗ್ನೀಸಿಯಂ ಮಿಶ್ರಲೋಹದ್ದು. ಇವನ್ನು ಗ್ರೈಂಡರ್ ಹಾಕಿ ಕತ್ತರಿಸಬೇಡಿ. ಮೆಗ್ನೀಸಿಯಂ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸಲಾಗದು, ಇನ್ನೂ ಜೋರಾಗುತ್ತದೆ. ಅನುಮಾನ ಇದ್ದರೆ ಕೆರೆದು ಹೊಳಪು ಮಾಡಿದ ಜಾಗಕ್ಕೆ ಒಂದು ಹನಿ ವಿನೆಗರ್ ಬಿಡಿ. ಸಣ್ಣ ಗುಳ್ಳೆ ಏಳುತ್ತಾ ಹೋದರೆ ಮೆಗ್ನೀಸಿಯಂ.

ಇಟ್ಟುಕೊಳ್ಳುವುದು? ಅದೇ ಕಾರು ಈಗಲೂ ಓಡಿಸುತ್ತಿದ್ದರೆ ಖಂಡಿತ. ಆಯಿಲ್ ತುಂಬಿ, ತೂತುಗಳಿಗೆ ಮುಚ್ಚಳ ಹಾಕಿ, ಆಗಾಗ ಶಾಫ್ಟ್ ನಾಲ್ಕು ಸುತ್ತು ತಿರುಗಿಸಿಡಿ. "ಮುಂದೆ ಬೆಲೆ ಬಂದೀತು" ಅಂತ ಮಾತ್ರ ಇಡಬೇಡಿ. ಬರುವ ಬೆಲೆಗಿಂತ ತುಕ್ಕು ಬೇಗ ಬರುತ್ತದೆ.

ಕಳಿಸುವುದಾದರೆ ತೂಕ ಮರೆಯಬೇಡಿ. ಟಿ-5 ಸುಮಾರು 34 ಕಿಲೊ, ಟಿ-56 ಐವತ್ತು ಕಿಲೊ ದಾಟುತ್ತದೆ. ಮರದ ಹಲಗೆಗೆ ಬೋಲ್ಟ್ ಹಾಕಿ ಬಿಗಿಯದೆ ರಟ್ಟಿನ ಡಬ್ಬದಲ್ಲಿ ಕಳಿಸಿದರೆ ದಾರಿಯಲ್ಲಿ ಬೆಲ್ ಹೌಸಿಂಗಿನ ಕಿವಿ ಮುರಿಯುವುದು ಗ್ಯಾರಂಟಿ. ಅಗ್ಗದ ಪೆಟ್ಟಿಗೆಗೆ ಸಾಗಣೆ ಖರ್ಚೇ ಬೆಲೆಯನ್ನು ನುಂಗುತ್ತದೆ, ಅಂಥದ್ದನ್ನು ಬಂದು ತೆಗೆದುಕೊಂಡು ಹೋಗುವವರಿಗೇ ಕೊಡಿ.

ನನ್ನ ಮೂಲೆಯ ಪೆಟ್ಟಿಗೆ ವಿಷಯಕ್ಕೆ ಬಂದರೆ, ಅದು ಏನೂ ಅಪರೂಪದ್ದಲ್ಲ, ಸಣ್ಣ ಇಂಜಿನ್ನಿನದು. ಎರಡನೇ ಗೇರಿನ ಸಿಂಕ್ರೊ ಹೋಗಿತ್ತು. ನಂಬರು, ಅನುಪಾತ, ಕೆಟ್ಟದ್ದು ಏನು, ಎಲ್ಲ ಬರೆದು ಫೋಟೊ ಹಾಕಿದೆ. ನಾಲ್ಕನೇ ದಿನ ಒಬ್ಬರು ಬಂದರು. ಕೈಯಲ್ಲಿ ಬಿರುಕು ಬಿಟ್ಟ ಚಿಪ್ಪೊಂದನ್ನು ಹಿಡಿದುಕೊಂಡೇ ಬಂದಿದ್ದರು. ನನ್ನದರ ಪಕ್ಕ ಇಟ್ಟು, ಕಾಸ್ಟಿಂಗ್ ನಂಬರು ಓದಿ, ಬೋಲ್ಟ್ ತೂತುಗಳನ್ನು ಬೆರಳಿಂದ ಒಂದೊಂದೇ ಮುಟ್ಟಿ ನೋಡಿದರು. ನಾನು ಸಿಂಕ್ರೊ ಬಗ್ಗೆ ಹೇಳಲು ಹೊರಟೆ. "ಒಳಗಿನದು ನನಗೆ ಬೇಡ, ನೀವೇ ಇಟ್ಟುಕೊಳ್ಳಿ" ಅಂದರು. ಇಬ್ಬರೂ ಸೇರಿ ಅಲ್ಲೇ ಬಿಚ್ಚಿದೆವು. ಈಗ ಆ ಮೂಲೆಯಲ್ಲಿ ಒಂದು ಬಕೆಟ್ ಇದೆ, ತುಂಬ ಗೇರುಗಳು. ಕಸ ಗುಡಿಸುವಾಗ ಕಾಲಿಗೆ ತಾಗುತ್ತದೆ.